ಬಾಡಿಗೆ ಕಣ

ಪ್ರತಿ ವರ್ಷ ಡಿಸೆಂಬರ್ ಮುಗಿಯುವ ಹೊತ್ತಿಗೆ ನಮ್ಮ ಕಚೇರಿಗೆ ಒಂದು ಪತ್ರಿಕಾ ಪ್ರಕಟಣೆ ಬರುತ್ತದೆ. ರಸ್ತೆಯ ಮೇಲೆ ಒಕ್ಕಣೆ ಮಾಡಬಾರದು, ಮಾಡಿದವರ ಮೇಲೆ ಕ್ರಮ ಜರುಗಿಸಲಾಗುವುದು. ನಾನು ಅದನ್ನು ನಾಲ್ಕು ಸಾಲಿಗೆ ಇಳಿಸಿ ಒಳಪುಟಕ್ಕೆ ಕಳಿಸುತ್ತೇನೆ. ಮರುದಿನ ಆ ಸುದ್ದಿ ಅಚ್ಚಾದ ಪತ್ರಿಕೆಯ ಕಟ್ಟುಗಳನ್ನು ಹೊತ್ತ ವ್ಯಾನು ಅರಕಲಗೂಡಿಗೂ ಹೊಳೆನರಸೀಪುರಕ್ಕೂ ಚನ್ನರಾಯಪಟ್ಟಣಕ್ಕೂ ಹುರುಳಿಯ ಮೇಲೇ ಓಡುತ್ತದೆ. ಕ್ರಮ ಜರುಗಿಸಿದ ಸುದ್ದಿಯನ್ನು ನಾನು ಈ ಜಿಲ್ಲೆಯಲ್ಲಿ ವರದಿಗಾರನಾಗಿರುವಷ್ಟು ಕಾಲದಲ್ಲಿ ಒಮ್ಮೆಯೂ ಬರೆದಿಲ್ಲ.

ವಿಧಾನ ಸರಳ. ಹೊಲದಿಂದ ಕಿತ್ತು ತಂದ ಹುರುಳಿ ಗಿಡವನ್ನು ಡಾಂಬರಿನ ಮೇಲೆ ಮೊಣಕಾಲುದ್ದ ಹರಡುವುದು. ಬಸ್ಸು, ಲಾರಿ, ಕಾರು ಅದರ ಮೇಲೆ ಹಾಯ್ದು ಕಾಯಿ ಒಡೆಯುತ್ತವೆ, ಕಾಳು ಉದುರುತ್ತದೆ. ಸಂಜೆ ಗುಡಿಸಿ, ತೂರಿ, ಮೂಟೆ ಕಟ್ಟುವುದು. ರಸ್ತೆ ಸರ್ಕಾರದ್ದು, ಡೀಸೆಲ್ ದಾರಿಹೋಕರದ್ದು, ಕಾಳು ತಮ್ಮದು. ಕಾರಿನ ಚಕ್ರದ ಅಚ್ಚಿಗೆ ಬಳ್ಳಿ ಸುತ್ತಿಕೊಂಡು ಹೊಗೆಯೆದ್ದರೆ ಅದು ಕಾರಿನವರ ಗ್ರಹಚಾರ. ಬೈಕಿನವನು ಜಾರಿ ಬಿದ್ದರೆ ಅವನಿಗೆ ಬೈಕು ಬಿಡಲು ಬರುವುದಿಲ್ಲ. ಇದನ್ನು ಯಾರೂ ಮುಚ್ಚಿಟ್ಟು ಹೇಳುವುದಿಲ್ಲ. ರಸ್ತೆಯ ಪಕ್ಕ ಕೂತು, ಎಲೆಅಡಿಕೆ ಅಗಿಯುತ್ತಾ, ನಮ್ಮ ಮುಖ ನೋಡಿಯೇ ಹೇಳುತ್ತಾರೆ.

ಕೆಲವು ವರ್ಷಗಳ ಹಿಂದೆ ಹಾಸನದಲ್ಲಿ ಒಂದು ಉದ್ಯಮಶೀಲತಾ ಶಿಬಿರ ನಡೆಯಿತು. ಊರಿನ ಸಮಸ್ಯೆಯಲ್ಲೇ ಉದ್ಯಮ ಹುಡುಕುವುದು ಹೇಗೆ ಎಂಬುದು ವಿಷಯ. ವರದಿ ಮಾಡಲು ಹೋಗಿದ್ದೆ. ತರಬೇತುದಾರ ಹೊರಗಿನವನು, ಕಿವಿಗೆ ಮೈಕು ಸಿಕ್ಕಿಸಿಕೊಂಡು ಸಭಿಕರ ನಡುವೆ ಓಡಾಡುತ್ತಾ ಮಾತಾಡುವ ಜಾತಿ. ಎಲ್ಲರಿಗೂ ಬಣ್ಣದ ಚೀಟಿ ಹಂಚಿ, ನಿಮ್ಮ ಊರಿನ ಒಂದು ಸಮಸ್ಯೆ, ಅದಕ್ಕೊಂದು ಉದ್ಯಮ ಬರೆಯಿರಿ ಎಂದ. ಹಾಸನದವನೊಬ್ಬ ತನ್ನ ಬಡಾವಣೆಯಲ್ಲಿ ಬೇಕರಿಯಿಲ್ಲ ಎಂದು ಬರೆದ. ಆ ಬೀದಿಯಲ್ಲಿ ಮೂರು ಬೇಕರಿಗಳಿರುವುದು ನನಗೆ ಗೊತ್ತಿತ್ತು. ಗೊರೂರಿನ ಕಡೆಯವನೊಬ್ಬ ತನಗೆ ಕೆಲಸವಿಲ್ಲದಿರುವುದೇ ಊರಿನ ಸಮಸ್ಯೆ ಎಂದು ಬರೆದಿದ್ದ. ತರಬೇತುದಾರ ಅದಕ್ಕೂ ಚಪ್ಪಾಳೆ ಹೊಡೆಸಿದ.

ಹಿಂದಿನ ಸಾಲಿನಲ್ಲಿ ನಲವತ್ತರ ಆಸುಪಾಸಿನ ಹೆಂಗಸೊಬ್ಬರು ಕೂತಿದ್ದರು. ಮೊಸಳೆ ಎಂಬ ಊರು ದಾಟಿ ಹೊಳೆನರಸೀಪುರದ ಕಡೆಗೆ ಹೋಗುವಾಗ ಸಿಗುವ ಒಂದು ಹಳ್ಳಿಯವರು. ಅವರ ಚೀಟಿಯಲ್ಲಿ, ರೋಡಿನಲ್ಲಿ ಒಕ್ಕಣೆ ಮಾಡುವುದು ಸಮಸ್ಯೆ, ಬಾಡಿಗೆಗೆ ಕಣ ಕೊಡುವುದು ಉದ್ಯಮ ಎಂದಿತ್ತು.

"ಸೂಪರ್," ಎಂದ ತರಬೇತುದಾರ. "ನಿಮ್ಮ ಕಸ್ಟಮರ್ ಯಾರು ಮೇಡಂ?"

"ಊರಿಗೂರೇ ಸಾ," ಎಂದರು ಆಕೆ. "ಒಬ್ರಾದ್ರೂ ಕಣ ಮಡಿಕಂಡಿಲ್ಲ."

ಅದು ನಿಜ. ಹಿಂದೆ ಪ್ರತಿ ಮನೆಯವರೂ ಹೊಲದ ಮೂಲೆಯಲ್ಲಿ ನೆಲ ಕೆತ್ತಿ, ನೀರು ಹಾಕಿ ಗಟ್ಟಿಮಾಡಿ, ಸಗಣಿ ಸಾರಿಸಿ ಕಣ ಮಾಡುತ್ತಿದ್ದರು. ಈಗ ಆ ಕೆಲಸ ಯಾರಿಗೂ ಬೇಡ. ಆ ದಿನ ಶಿಬಿರದಲ್ಲಿ ಓದಿದ ಚೀಟಿಗಳಲ್ಲಿ ಕಣ್ಣಿನಿಂದ ನೋಡಿ ಬರೆದದ್ದು ಅದೊಂದೇ. ಹಾಗಾಗಿ ಶಿಬಿರ ಮುಗಿದ ಮೇಲೆ ನಾನು ಆಕೆಯನ್ನು ಮಾತಾಡಿಸಿದೆ.

ಆಕೆಯ ಗಂಡ ಗೂಡ್ಸ್ ಆಟೋದಲ್ಲಿ ಡೇರಿಗೆ ಹಾಲಿನ ಕ್ಯಾನು ಸಾಗಿಸುತ್ತಿದ್ದವರು. ಹಿಂದಿನ ಸುಗ್ಗಿಯಲ್ಲಿ, ಬೈಕಿನಲ್ಲಿ ಮನೆಗೆ ಬರುವಾಗ, ತಮ್ಮ ಊರ ಮುಂದೆಯೇ ಹುರುಳಿಯ ಮೇಲೆ ಜಾರಿ ಬಿದ್ದು ಎಡಗಾಲು ಮುರಿದಿತ್ತು. ಕಾಲು ಕೂಡಿತು, ಆದರೆ ಮಂಡಿ ಮಡಿಸಲಾಗುತ್ತಿರಲಿಲ್ಲ. ಆಟೋ ಮಾರಿದರು. ಆ ಹುರುಳಿ ಹರಡಿದ್ದವನು ಬೇರೆ ಯಾರೂ ಅಲ್ಲ, ಗಂಡನ ಒಡಹುಟ್ಟಿದ ಅಣ್ಣ. ಆಸ್ಪತ್ರೆಯಲ್ಲಿ ತಮ್ಮನ ಹಾಸಿಗೆಯ ಪಕ್ಕ ನಿಂತು ಅವನು ಹೇಳಿದ್ದು ಇಷ್ಟು: "ನೋಡ್ಕಂಡ್ ಓಡುಸ್ಬೇಕು ಕಣ್ಲಾ."

ರಸ್ತೆಗೆ ಹೊಂದಿಕೊಂಡು ಅಣ್ಣತಮ್ಮಂದಿರ ಜಂಟಿ ಹೆಸರಿನಲ್ಲಿ ಅರ್ಧ ಎಕರೆ ಇತ್ತು. ಅಣ್ಣ ಅದನ್ನು ಲೇಔಟ್ ಮಾಡುವವರಿಗೆ ಕೊಡುವ ಮಾತುಕತೆಯಲ್ಲಿದ್ದ; ಗಂಡ ಅದುವರೆಗೆ ಅಣ್ಣನ ಮಾತು ಮೀರಿದವರಲ್ಲ. ಆಕೆ ಒಂದು ಸುಗ್ಗಿ ತಡೆಯಲು ಕೇಳಿದರು. "ಶಿವರಾತ್ರಿವರ್ಗೂ ನೋಡ್ತೀನಿ," ಎಂದನಂತೆ ಅವನು. "ಅಷ್ಟ್ರಾಗೆ ನಿನ್ ಕಣ ಓಡ್ನಿಲ್ಲ ಅಂದ್ರೆ ಸೈಟು." ಗಂಡನಿಗೆ ಬೇರೆ ದುಡಿಮೆಯಿಲ್ಲ, ಜಾಗ ಹೋದರೆ ಅವರ ಪಾಲಿಗೆ ಉಳಿಯುವುದು ಮನೆಯ ನಾಲ್ಕು ಗೋಡೆ. ಆಟೋ ಮಾರಿದ ಹಣವನ್ನು ಆಕೆ ಸಿಮೆಂಟಿಗೆ ಹಾಕಿದರು. ಸಂಕ್ರಾಂತಿಗೆ ಮುಂಚೆ ನೆಲ ಸಿದ್ಧವಾಯಿತು: ಟ್ರಾಕ್ಟರ್ ಸುತ್ತು ಹೊಡೆಯುವಷ್ಟು ಅಗಲ, ಮಟ್ಟಸ, ಒಂದು ಬೆಣಚುಕಲ್ಲು ಕಾಣದಷ್ಟು ನುಣುಪು. ಪಕ್ಕದಲ್ಲಿ ಒಂದು ನಲ್ಲಿ, ಒಂದು ತಾರಪಾಲು, ಬಾಡಿಗೆಗೆ ಗೊತ್ತುಮಾಡಿದ ಟ್ರಾಕ್ಟರ್.

ನಾನು ಅರ್ಧ ಪುಟದ ಲೇಖನ ಬರೆದೆ. ಡೆಸ್ಕಿನವರು 'ಸಮಸ್ಯೆಗೆ ಸಿಮೆಂಟಿನ ಉತ್ತರ' ಎಂದು ತಲೆಬರಹ ಕೊಟ್ಟರು. ತರಬೇತುದಾರ ಅದರ ಪಕ್ಕ ತನ್ನ ಫೋಟೋ ಅಂಟಿಸಿ ವಾಟ್ಸಾಪಿನಲ್ಲಿ ಹಂಚಿದ. ಲೇಖನ ಓದಿ ಆಕೆಗೆ ಫೋನ್ ಮಾಡಿದವರು ಹಲವರು. ಒಬ್ಬ ವಾಲಿಬಾಲ್ ಟೂರ್ನಮೆಂಟಿಗೆ ಜಾಗ ಕೇಳಿದ. ಇನ್ನೊಬ್ಬ, ಸಾಲ ಕೊಡಿಸುತ್ತೇನೆ, ಕಮಿಷನ್ ಮೊದಲು ಕೊಡಿ ಎಂದ. ಹುರುಳಿ ಒಕ್ಕಬೇಕು ಎಂದವರು ಯಾರೂ ಇಲ್ಲ.

ಹತ್ತು ದಿನ ಬಿಟ್ಟು ಹೋಗಿ ನೋಡಿದೆ. ಕಣ ಖಾಲಿ. ಅದರ ಮುಂದಿನ ರಸ್ತೆಯಲ್ಲಿ, ಕಣದ ಉದ್ದಕ್ಕೂ, ಹುರುಳಿ ಹರಡಿತ್ತು. ಮಧ್ಯದಲ್ಲಿ ಸಾಲಾಗಿ ಕಲ್ಲು ಇಟ್ಟು ವಾಹನಗಳು ಬೇರೆ ಕಡೆ ಹೋಗದಂತೆ ನೋಡಿಕೊಂಡಿದ್ದರು. ಗಂಡ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕಾಲು ನೀಡಿ ಕೂತಿದ್ದರು. ಆಕೆ ಖಾಲಿ ನೆಲ ಗುಡಿಸುತ್ತಿದ್ದರು. ಹಾದುಹೋಗುತ್ತಿದ್ದ ಪಕ್ಕದ ಮನೆಯವನೊಬ್ಬ ಬೈಕು ನಿಧಾನ ಮಾಡಿದ.

"ಏನಕ್ಕಾ, ಎಲಿಕ್ಯಾಪ್ಟ್ರು ಯಾವಾಗ್ ಇಳೀತದೆ?"

"ಇಳ್ಯಾಗ ಏಳ್ತೀನಿ ಕಣಪ್ಪ," ಎಂದರು ಆಕೆ, ಪೊರಕೆ ನಿಲ್ಲಿಸದೆ. "ನಿನ್ ಉಳ್ಳಿ ತಕ್ಕಂಬಾ. ಅದ್ರ ಗಾಳೀಲೇ ತೂರ್ಕಂಡ್ ಓಗೀವಂತೆ."

ಅವನು ನಕ್ಕು ಹೋದ. ತನ್ನ ಹುರುಳಿಯ ಮೇಲೇ, ಜಾಗರೂಕತೆಯಿಂದ, ಎರಡೂ ಕಾಲು ಕೆಳಗೆ ಬಿಟ್ಟುಕೊಂಡು.

ರಸ್ತೆಯ ಪಕ್ಕದಲ್ಲಿ ಗಂಡನ ಅಣ್ಣ ನಿಂತಿದ್ದ. ಕಣ ಏಕೆ ಬಳಸುತ್ತಿಲ್ಲ ಎಂದು ಕೇಳಿದೆ. ಬಾಡಿಗೆ ಹೆಚ್ಚು ಎನ್ನುತ್ತಾನೆ ಎಂದುಕೊಂಡಿದ್ದೆ. ಅವನು ಹೇಳಿದ್ದು ಬೇರೆ.

"ಅದಂಗಲ್ಲ ಸಾ. ರಾಶಿ ಪೂಜೆ ಅಂತ ಒಂದದಲ್ಲ. ಇನ್ನೊಬ್ರ ಕಣದಾಗೆ ನಮ್ ರಾಶಿ ಹಾಕುದ್ರೆ ಲಕ್ಷ್ಮಿ ಅವ್ರ ಮನೆಗೆ ಓಯ್ತಾಳೆ."

"ರಸ್ತೆ ಯಾರದು?"

"ರೋಡು ಎಲ್ರುದು."

"ಹಾಗಾದರೆ ಲಕ್ಷ್ಮಿ ಎಲ್ಲರ ಮನೆಗೂ ಹೋಗಬೇಕಲ್ಲ?"

"ನೀವು ಪೇಪರ್ನೋರು ಬುಡಿ ಸಾ. ಮಾತ್ಗೆ ಮಾತು ಕೊಡ್ತೀರ."

ಇದೇ ಜನ ಹಿಂದೆ ಕಣದೊಳಗೆ ಚಪ್ಪಲಿ ಮೆಟ್ಟಿ ಬರುತ್ತಿರಲಿಲ್ಲ. ಕಾಳಿನ ರಾಶಿಗೆ ನಮಸ್ಕಾರ ಮಾಡಿ ಅಳೆಯಲು ಕೂರುತ್ತಿದ್ದರು. ನಾನು ಅಲ್ಲಿ ನಿಂತಿದ್ದ ಒಂದು ಗಂಟೆಯಲ್ಲಿ ಆ ಹುರುಳಿಯ ಮೇಲೆ ಹೋದದ್ದರಲ್ಲಿ ಗೊಬ್ಬರದ ಟ್ರಾಕ್ಟರ್ ಒಂದು, ಕೋಳಿ ಸಾಗಿಸುವ ಗಾಡಿ ಎರಡು, ನಾಯಿಗಳು ಲೆಕ್ಕಕ್ಕಿಲ್ಲ. ಬಸ್ಸಿನ ಕಿಟಕಿಯಿಂದ ಒಬ್ಬ ಎಲೆಅಡಿಕೆ ಉಗಿದ. ಅದು ಬಿದ್ದ ಜಾಗವನ್ನು ಅಣ್ಣ ನೋಡಿದ, ಕೋಲಿನಿಂದ ಹುಲ್ಲನ್ನು ಮಗುಚಿ ಹಾಕಿದ. ಲಕ್ಷ್ಮಿಗೆ ಅದರಲ್ಲಿ ಆಕ್ಷೇಪವಿರಲಿಲ್ಲ. ದೇವಿಗೆ ಆಕ್ಷೇಪವಿದ್ದದ್ದು ತಮ್ಮನ ಹೆಂಡತಿಯ ಸಿಮೆಂಟಿನ ಬಗ್ಗೆ ಮಾತ್ರ.

ಊರಿನವರು ಅದನ್ನು ನಿಜವಾಗಿ ನಂಬಿದ್ದಾರೆಂದು ನನಗನಿಸಲಿಲ್ಲ. ಪಕ್ಕದ ಮನೆಯವಳೊಬ್ಬಳು ಒಂದು ಕೆಲಸ ಹಿಡಿದು ಮೇಲೆ ಬರುವುದನ್ನು ತಪ್ಪಿಸಲು ದೇವರ ಹೆಸರು ಅಗ್ಗದಲ್ಲಿ ಸಿಗುತ್ತದೆ, ಅಷ್ಟೆ. ಊರಿನ ಸಮಸ್ಯೆಯನ್ನು ಪತ್ತೆಹಚ್ಚಿದವರಿಗೆ ಅವಕಾಶ ಕಾದಿರುತ್ತದೆ ಎಂದು ತರಬೇತುದಾರ ಹೇಳಿದ್ದ. ಸಮಸ್ಯೆಯಿಂದ ಊರಿಗೆ ಲಾಭವಿದ್ದರೆ ಏನು ಮಾಡಬೇಕೆಂಬ ಸ್ಲೈಡು ಅವನ ಬಳಿ ಇರಲಿಲ್ಲ. ಫೋನ್ ಮಾಡಿ ಕೇಳಿದೆ. "ಅವೇರ್‌ನೆಸ್ ಮೂಡಿಸಬೇಕು ಸರ್," ಎಂದ.

ಧನುರ್ಮಾಸ ಕಳೆದು ಮದುವೆಗಳು ಶುರುವಾದವು. ಅಣ್ಣನ ಮಗನ ಮದುವೆ ಹಾಸನದ ಛತ್ರವೊಂದರಲ್ಲಿ ಆಯಿತು. ಉಳಿದದ್ದು ಬೀಗರೂಟ. ಮಾಂಸದಡುಗೆಯಾದ್ದರಿಂದ ಆ ಛತ್ರದವರು ಒಪ್ಪುವುದಿಲ್ಲ, ಹೊಳೆನರಸೀಪುರದಲ್ಲಿ ಒಪ್ಪುವ ಕಡೆ ಜಾಗ ಖಾಲಿಯಿಲ್ಲ, ಮನೆ ಮುಂದೆ ಚಪ್ಪರ ಹಾಕಿದರೆ ಇಡೀ ಬಳಗ ಕೂರುವುದಿಲ್ಲ. ಅಣ್ಣನ ಕಣ್ಣು ಸಿಮೆಂಟಿನ ಮೇಲೆ ಬಿತ್ತು. ಅವನು ಅದನ್ನು ಕೇಳಲು ಬಂದ ದಿನ ನಾನು ಅರಕಲಗೂಡಿನಿಂದ ಬರುತ್ತಾ ಬಳಸು ದಾರಿಯಲ್ಲಿ ಅಲ್ಲಿಗೆ ಹೋಗಿದ್ದೆ. ಶಿವರಾತ್ರಿಗೆ ಎರಡು ವಾರವಿತ್ತು, ಲೇಖನದ ಕಣ ಏನಾಯಿತು ಎಂದು ಸಂಪಾದಕರು ಕೇಳಿದ್ದರು.

ಅಣ್ಣ ಕಣದ ಅಂಚಿನಲ್ಲಿ ನಿಂತು ಮಾತಾಡುತ್ತಿದ್ದ. "ನಮ್ದೇ ಜಾಗ ತಾನೆ. ಒಂದ್ ದಿನದ್ ಮಾತು ಕಣಮ್ಮ."

"ಮಾಡ್ಕಳಿ ಬಾವ," ಎಂದರು ಆಕೆ.

"ಇನ್ನೊಂದ್ ಇಚಾರ. ಆವತ್ತು ಈ ರೋಡ್ನಾಗಿರಾ ಉಳ್ಳಿ ಎಲ್ಲಾ ತೆಗುಸ್ಬೇಕು. ಬೀಗ್ರು ಬೈಕ್ನಾಗೆ ಬತ್ತಾರೆ. ಯಾರಾರಾ ಜಾರಿ ಬಿದ್ರೆ ನಮ್ ಮರ್ವಾದೆ ಏನಾಗ್ಬೇಕು?"

ಕುರ್ಚಿಯಲ್ಲಿದ್ದ ಗಂಡ ತಮ್ಮ ಎಡಗಾಲನ್ನು ಎರಡೂ ಕೈಯಿಂದ ಎತ್ತಿ ಸರಿಯಾಗಿ ಇಟ್ಟುಕೊಂಡರು. ಅಣ್ಣ ಅದನ್ನು ನೋಡಿದನೋ ಇಲ್ಲವೋ ತಿಳಿಯದು. ನಾಚಿಕೆಯ ಲಕ್ಷಣವಂತೂ ನನಗೆ ಕಾಣಲಿಲ್ಲ.

ಆಕೆ ಹೇಳಿದರು: "ತೆಗ್ದು ಎಲ್ಲಿಗ್ ಆಕ್ತೀರಿ ಬಾವ? ಇಲ್ಲಿಗ್ ತಂದು ಒಕ್ಕುಸ್ಬುಡಿ. ನಿಮ್ದೂ, ಆ ಕಡೆ ಈ ಕಡೆ ಮನೇರ್ದೂ. ಒಕ್ಕಿದ್ ಮ್ಯಾಲೇ ನಾನು ನೆಲ ತೊಳ್ದು ಊಟುಕ್ಕೆ ಕೊಡಾದು. ಇಲ್ದಿದ್ರೆ ಬೇರೆ ಕಡೆ ನೋಡ್ಕಳಿ."

ಅವನು ನನ್ನ ಕಡೆ ನೋಡಿದ. ನಾನು ನೋಟ್‌ಬುಕ್ ಕಡೆ ನೋಡಿದೆ.

ಒಂದೇ ಬೆಳಿಗ್ಗೆಯಲ್ಲಿ ಆಯಿತು. ಆಗುವುದೇ ಇಲ್ಲ ಎಂದು ಇಡೀ ಸುಗ್ಗಿ ಹೇಳಿಕೊಂಡು ಬಂದ ಕೆಲಸ. ಹುರುಳಿ ರಸ್ತೆಯಿಂದ ಕಣಕ್ಕೆ ಬಂತು, ಟ್ರಾಕ್ಟರ್ ಸುತ್ತು ಹೊಡೆಯಿತು, ಮಧ್ಯಾಹ್ನಕ್ಕೆ ಕಾಳು ರಾಶಿಯಾಯಿತು. ಮಣ್ಣಿಲ್ಲದ ಕಾಳು, ಕೈಯಲ್ಲಿ ಹಿಡಿದರೆ ಹೊಳೆಯುತ್ತಿತ್ತು. ಅಣ್ಣನೇ ತೆಂಗಿನಕಾಯಿ ಒಡೆದು, ಗಂಧದಕಡ್ಡಿ ಹಚ್ಚಿ ಪೂಜೆ ಮಾಡಿದ. ಲಕ್ಷ್ಮಿಯ ವಿಳಾಸದ ಬಗ್ಗೆ ಯಾರೂ ಚಕಾರವೆತ್ತಲಿಲ್ಲ.

ಬೀಗರೂಟಕ್ಕೆ ನನ್ನನ್ನೂ ಕರೆದಿದ್ದರು. ಹೋದೆ, ಉಂಡೆ. ಮುದ್ದೆ ಹದವಾಗಿತ್ತು. ಬಂದವರೆಲ್ಲ ನೆಲ ನೋಡಿ ಹೊಗಳಿದರು. ಕೈತೊಳೆಯಲು ನಲ್ಲಿಯ ಹತ್ತಿರ ಸಾಲು ನಿಂತಾಗ ಇಬ್ಬರು ತಮ್ಮ ಮನೆಯ ಬೀಗರೂಟಕ್ಕೂ ಇದೇ ಜಾಗ ಬೇಕೆಂದರು, ಚನ್ನರಾಯಪಟ್ಟಣದಿಂದ ಬಂದಿದ್ದ ಒಬ್ಬರು ನಾಮಕರಣಕ್ಕೆ ಕೇಳಿದರು. ಕೇಳಿದ್ದು ಅಣ್ಣನನ್ನು. ದಿನ ಗೊತ್ತುಮಾಡಿದವನೂ ಅಣ್ಣನೇ. ಆಕೆ ಆಗ ಎಲೆ ಎತ್ತಿಸುತ್ತಿದ್ದರು. ಊಟ ಮುಗಿಯುವ ಹೊತ್ತಿಗೆ ಅವನು ಲೇಔಟಿನವರಿಗೆ ಫೋನ್ ಮಾಡಿ ಜಾಗ ಕೊಡುವುದಿಲ್ಲವೆಂದು ಹೇಳಿದ್ದ. ನನ್ನ ಹತ್ತಿರ ಬಂದು ಹಲ್ಲಿಗೆ ಕಡ್ಡಿ ಹಾಕಿಕೊಳ್ಳುತ್ತಾ ಹೇಳಿದ: "ಇಲ್ಲೊಂದು ಪಾರ್ಟಿ ಹಾಲ್ ಮಾಡ್ಬೇಕು ಅಂತ ನಂಗೆ ಮೊದ್ಲಿಂದ ಐಡಿಯಾ ಇತ್ತು ಸಾ. ಬರ್ಕಳಿ."

ನಾನು ಬರೆದುಕೊಳ್ಳಲಿಲ್ಲ. ತರಬೇತುದಾರನಿಗೆ ಮಾತ್ರ ಸುದ್ದಿ ಹೇಗೋ ತಲುಪಿ, ಉದ್ಯಮದ ದಿಕ್ಕು ಬದಲಿಸುವ ಇದನ್ನೇ ಪಿವಟ್ ಅನ್ನುವುದು ಸರ್, ಮುಂದಿನ ಶಿಬಿರಕ್ಕೆ ಆ ಅಣ್ಣನವರನ್ನು ಕರೆಸುತ್ತೇನೆ ಎಂದ. ಅದೇ ವಾರ ಕರೆಸಿದ ಕೂಡ. ಅವನು ಶಾಲು ಹೊದ್ದುಕೊಂಡು ವೇದಿಕೆಯ ಮೇಲೆ ಕೂತದ್ದನ್ನು ನಾನೇ ವರದಿ ಮಾಡಬೇಕಾಯಿತು. ಎರಡು ಸಾಲು ಬರೆದೆ.

ಶಿವರಾತ್ರಿಯ ಮಾರನೆಯ ದಿನ ಆಕೆ ಫೋನ್ ಮಾಡಿದರು. ಬಿಡುವಿದ್ದರೆ ಬನ್ನಿ, ಪೇಪರ್ನವರೊಬ್ಬರು ನಿಂತಿದ್ದರೆ ಸಾಕು ಎಂದರು. ಹೋದಾಗ ಪಾರ್ಟಿ ಹಾಲ್ ಕಟ್ಟುವ ಕಂಟ್ರಾಕ್ಟರ್ ಕಣದ ಮೇಲೆ ಸುಣ್ಣದಲ್ಲಿ ಗುರುತು ಹಾಕಿದ್ದ. ತಗಡಿನ ಚಾವಣಿಗೆ ಎರಡು ಸಾಲು ಕಬ್ಬಿಣದ ಕಂಬ, ನೆಲದ ನಟ್ಟನಡುವೆ. ಆ ಕಂಬ ಎದ್ದರೆ ಟ್ರಾಕ್ಟರ್ ತಿರುಗುವುದಿಲ್ಲ. ಟ್ರಾಕ್ಟರ್ ತಿರುಗದಿದ್ದರೆ ಕಣವಿಲ್ಲ, ಹುರುಳಿ ಮತ್ತೆ ರಸ್ತೆಗೆ. ಜಾಗ ಉಳಿದಿತ್ತು, ಅದರ ಮೇಲೆ ಆಕೆ ಶುರುಮಾಡಿದ್ದು ಹೋಗುವುದರಲ್ಲಿತ್ತು.

"ಕಂಬ ಅಂಚಿಗೆ ಆಕ್ಸಿ ಬಾವ," ಎಂದರು ಆಕೆ.

"ಅಂಚಿಗ್ ಆಕುದ್ರೆ ಉದ್ದುನ್ ಕಬ್ಣ ಬೇಕು. ನಾಕ್ ದಿನ ಒಕ್ಕಾ ಉಳ್ಳಿಗೆ ಅಷ್ಟೊಂದ್ ದುಡ್ಡು ಯಾರ್ ಖರ್ಚ್ ಮಾಡ್ತಾರೆ? ಉಳ್ಳಿಗೆ ರೋಡಿಲ್ವಾ?"

ಇಷ್ಟು ಹೇಳಿ, ಪಂಚಾಯಿತಿಗೆ ಕೊಡಬೇಕಾದ ಅರ್ಜಿಯನ್ನು ತಮ್ಮನ ಮುಂದೆ ಹಿಡಿದ. ಜಂಟಿ ಜಾಗ, ಇಬ್ಬರದೂ ಸಹಿ ಬೇಕು. "ಇಲ್ಲೊಂದು ಆಕು ಕಣ್ಲಾ."

ಗಂಡ ಪೆನ್ನು ತೆಗೆದುಕೊಂಡರು, ಅರ್ಜಿ ಓದಿದರು, ಪೆನ್ನನ್ನು ಜೇಬಿಗೆ ಹಾಕಿಕೊಂಡರು. "ಅವ್ಳು ಏಳ್ದಂಗೆ," ಎಂದರು.

ಅಣ್ಣ ಹೋದ. ಮೂರನೆಯ ದಿನ ಬಂದ. ನಾಮಕರಣದವರಿಗೆ ಮಾತು ಕೊಟ್ಟಾಗಿತ್ತು, ಶಾಲು ಹೊದ್ದಾಗಿತ್ತು, ಹಿಂದೆ ಸರಿಯುವಂತಿರಲಿಲ್ಲ. ಆಕೆ ಟ್ರಾಕ್ಟರ್ ತರಿಸಿ, ಕಣದ ಮೇಲೆ ನಿಧಾನವಾಗಿ ಒಂದು ಸುತ್ತು ಹೊಡೆಸಿದರು. ಚಕ್ರ ಹೋದ ದಾರಿಯಿಂದ ಒಂದು ಗೇಣು ಆಚೆಗೆ ತಾವೇ ಬಗ್ಗಿ ಸುಣ್ಣ ಸುರಿಯುತ್ತಾ ಹೋದರು. ಅಣ್ಣ ಹಳೆಯ ಗುರುತುಗಳನ್ನು ಬೂಟಿನಿಂದ ಉಜ್ಜಿ ಅಳಿಸಿದ. ಕೊನೆಯ ಗುರುತು ಬಿದ್ದ ಮೇಲೆ ಆಕೆ ಕೈ ಒರೆಸಿಕೊಂಡು ಗಂಡನ ಕಡೆ ನೋಡಿ ತಲೆಯಾಡಿಸಿದರು. ಅವರು ಜೇಬಿನಿಂದ ಪೆನ್ನು ತೆಗೆದು ಸಹಿ ಹಾಕಿದರು.