ಸೋಲಾರ್ ಹಲಗೆಗೆ ವಿಭೂತಿ

ಎಂಬತ್ತರ ದಶಕದ ಕೊನೆಗೆ ಹುನಗುಂದದಲ್ಲಿ ನನ್ನದೊಂದು ಔಷಧಿ ಅಂಗಡಿಯಿತ್ತು. ಕರೆಂಟಿಗೆ ಬರುವುದಕ್ಕಿಂತ ಹೋಗುವುದರಲ್ಲೇ ಹುರುಪು. ಫ್ರಿಜ್ಜಿನಲ್ಲಿಟ್ಟ ಇನ್ಸುಲಿನ್ ಕೆಟ್ಟೀತೆಂದು ನನ್ನ ಎದೆ ಸದಾ ಪುಕುಪುಕು. ಕೊನೆಗೆ ಪುಣೆಯ ಪರಿಚಯದವರೊಬ್ಬರನ್ನು ಕಾಡಿಬೇಡಿ, ಮಾಳಿಗೆಯ ಮೇಲೊಂದು ಸೋಲಾರ್ ಹಲಗೆ ಹಾಕಿಸಿ, ಅದರ ಬ್ಯಾಟರಿಗೆ ಪುಟ್ಟ ತಂಪುಪೆಟ್ಟಿಗೆ ಜೋಡಿಸಿದೆ. ಇನ್ನು ಹೆದರಿಕೆಯಿಲ್ಲ ಎಂದು ಬೀಗಿದೆ. ಮೂರ್ಖ ನಾನು!

ಆ ವರ್ಷ ಖಂಡೇಪೂಜೆಯ, ಅಂದರೆ ಆಯುಧಪೂಜೆಯ, ಹಿಂದಿನ ದಿನ ಅಂಗಡಿಯನ್ನು ಅವ್ವನಿಗೆ ಒಪ್ಪಿಸಿ ಸರಕು ತರಲು ಬಾಗಲಕೋಟೆಗೆ ಹೋದವನು ದಸರೆಯ ದಿನ ಮಧ್ಯಾಹ್ನ ಮರಳಿದೆ. ಪೆಟ್ಟಿಗೆ ತೆರೆದರೆ ಒಳಗೆಲ್ಲ ಬೆಚ್ಚಗೆ. ಬ್ಯಾಟರಿ ಸತ್ತಿತ್ತು. ಮಾಳಿಗೆಗೆ ಓಡಿದೆ. ಹಲಗೆಯ ತುಂಬ ವಿಭೂತಿಯ ದಪ್ಪ ಪಟ್ಟೆ, ಕುಂಕುಮ, ಅದರ ಮೇಲೆ ಚೆಂಡುಹೂವಿನ ರಾಶಿ. ಬಿಸಿಲು ಬೀಳಲು ಜಾಗವೇ ಇರಲಿಲ್ಲ. ನನ್ನ ಹಿಂದೆಯೇ ಅವ್ವ ಹತ್ತಿ ಬಂದಳು.

"ಯವ್ವಾ, ಏನ್ ಮಾಡೀ ಇದು?"

"ಪೂಜಿ ಮಾಡೀನೋ ತಮ್ಮಾ. ತಕ್ಕಡಿಗೆ ಮಾಡಿದೆ, ಸೈಕಲ್ಲಿಗೆ ಮಾಡಿದೆ. ದಿನಾ ದುಡಿಯೂದು ಇದು, ಇದಕ್ಕ ಬ್ಯಾಡಂತೀಯೇನು?"

ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಅವ್ವನೇ ಅಂದಳು: "ಮುಂಜಾನಿ ಕೂಡಲಸಂಗಮದ ಕುರುಬರಾಂವ ಬಂದಿದ್ದ. ಮಗಳ ಔಷಧಿ ಕೊಟ್ಟು ಕಳಿಸೀನಿ."

ಅವನ ಹತ್ತು ವರ್ಷದ ಮಗಳು ಇನ್ಸುಲಿನ್ ಸೂಜಿಯ ಮೇಲೆಯೇ ಬದುಕಿದ್ದಳು. ಬಿಸಿಗೆ ಕೆಟ್ಟ ಇನ್ಸುಲಿನ್ ನೋಡಿದರೆ ಗೊತ್ತಾಗುವುದಿಲ್ಲ, ಅದೇ ನನ್ನ ದೊಡ್ಡ ಭಯ. ಬಾಗಲಕೋಟೆಯಿಂದ ಐಸಿನ ಥರ್ಮಾಸಿನಲ್ಲಿ ತಂದಿದ್ದ ಹೊಸ ಬಾಟಲಿಯನ್ನು ಎದೆಗವಚಿಕೊಂಡು ಬಸ್ ಹತ್ತಿದೆ. ನಿಂತಲ್ಲೆಲ್ಲ ಡ್ರೈವರನ ಮೇಲೆ ಹರಿಹಾಯ್ದೆ. ಆ ಹುಡುಗಿಯ ಮನೆಯ ಮುಂದೆ ಜನ ಸೇರಿದ್ದರೆ? ದಾರಿಯುದ್ದಕ್ಕೂ ಇದೊಂದೇ ಚಿಂತೆ.

ಹುಡುಗಿ ಕಟ್ಟೆಯ ಮೇಲೆ ಕೂತಿದ್ದಳು. ನನ್ನ ಕೈಗೆ ಬನ್ನಿ ಎಲೆ ಇಟ್ಟು, "ಬಂಗಾರ ತಗೊಳ್ರಿ, ಬಂಗಾರದಂಗ ಇರೂಣ್ರಿ" ಅಂದಳು. ಕಣ್ಣಲ್ಲಿ ನೀರು ಬಂತು. ಮುಂಜಾನೆ ತಂದ ಬಾಟಲಿ ಇನ್ನೂ ತೆರೆದಿಲ್ಲ, ಸಂಜೆಯ ಸೂಜಿಗೆ ತೆಗೆಯುವುದಿತ್ತು ಎಂದ ಅವಳಪ್ಪ.

ಏನೋ ನೆಪ ಹೇಳಿ ಬದಲಿಸಿಕೊಂಡು ಬರಬಹುದಿತ್ತು. ಆಗಲಿಲ್ಲ, ಎಲ್ಲ ಹೇಳಿಬಿಟ್ಟೆ. ಅವನು ಮಗಳನ್ನು ನೋಡಿದ, ಒಳಗಿಂದ ಆ ಬಾಟಲಿ ತಂದು ನನ್ನ ಕೈಗಿಟ್ಟ.

"ನಿಮ್ಮನ್ನ ನಂಬೀನ್ರಿ ಸಾವ್ಕಾರ್ರ" ಅಂದ. ಅಷ್ಟೇ.

ಆಮೇಲೆ ಔಷಧಿಗೆ ಬಂದಾಗಲೆಲ್ಲ ಅವನು ಮೊದಲು ಪೆಟ್ಟಿಗೆಯೊಳಗೆ ಅಂಗೈ ಇಡುತ್ತಿದ್ದ. ತಂಪು ಹತ್ತುವ ತನಕ ತೆಗೆಯುತ್ತಿರಲಿಲ್ಲ. ನಾನು ಉಸಿರು ಬಿಗಿಹಿಡಿದು ನಿಂತಿರುತ್ತಿದ್ದೆ.