ಚಮನಸಾಬರು ಹತ್ತಿದ ಗೋಪುರ

ಇಳಕಲ್ಲಿನ ಗ್ರಾನೈಟ್ ವ್ಯಾಪಾರಿ ಚಮನಸಾಬರ ಅಂಗಡಿಗೆ ಅಡುಗೆಮನೆ ಕಟ್ಟೆಗೆ ಕಲ್ಲು ಕೊಳ್ಳಲು ಹೋದವರು ಮೊದಲು ಅವರ ಮಾತಿನ ಜೊತೆ ಜರ್ಮನಿಯ ಗೋಪುರ ಹತ್ತಲೇಬೇಕು. ಸಾಬರು ಒಮ್ಮೆ ವ್ಯಾಪಾರಕ್ಕೆಂದು ಹೆಂಡತಿ ಅಬೇದಾಳ ಜೊತೆ ಅಲ್ಲಿಗೆ ಹೋದಾಗ ಗಾಥಿಕ್ ಶೈಲಿಯ ಹಳೆಯ ಚರ್ಚೊಂದರ ಗೋಪುರದ ತುದಿ ಮುಟ್ಟಿ ಬಂದಿದ್ದಾರೆ. ಪಾಲಿಶ್ ಆಗದ ಕಲ್ಲಿನ ಹಲಗೆಗೆ ಒದ್ದೆ ಅಂಗೈ ಸವರಿ, ಒಳಗಿನ ಕೆಂಪು ತೋರಿಸುತ್ತಲೇ ಶುರು ಮಾಡುತ್ತಾರೆ: "ಅಲ್ಲೂ ಹಿಂಗ ನೀರು ಹಚ್ಚಿ ನೋಡ್ದೆ, ಕಾವಲಿನವ ಬೈದ. ನಮ್ಮ ಕಲ್ಲಿನ ಮುಂದ ಅದು ಭಾಳ ಮೆತ್ತಗ." ವರ್ಷದಿಂದ ವರ್ಷಕ್ಕೆ ಗೋಪುರ ಬೆಳೆಯುತ್ತದೆ, ಈಚೆಗೆ ಮೋಡಗಳೂ ಅದರ ಕೆಳಗೇ ತೇಲುತ್ತವೆ. "ಮುಂದಿನ ವರ್ಷ ಚಂದ್ರಗ ಕೈ ಹಚ್ತೀರಿ ಬಿಡ್ರಿ" ಎಂದು ನಕ್ಕ ಗಾರೆ ಕೆಲಸದ ಗೌಂಡಿ ದುರಗಪ್ಪ ಮೊನ್ನೆ, "ಚರ್ಚಿನ ಒಳಗ ಹೆಂಗಿತ್ರಿ?" ಎಂದು ಕೇಳಿದ. ಸಾಬರ ಕೈ ಹಲಗೆಯ ಮೇಲೇ ನಿಂತಿತು. "ಒಳಗ ನಮ್ಮ ಅಬೇದಾ ಕುಂತಿದ್ಲು. ನಾನೂ ಮ್ಯಾಲ ಬರ್ತೇನಿ ಅಂದ್ಲು. ಮೊಣಕಾಲು ಹಿಡಿತಾವ, ಇಲ್ಲೇ ಕೂಡು ಅಂದೆ. ಇಳಿದು ಬಂದಾಗ ಬಣ್ಣದ ಗಾಜಿನ ಕಿಡಕಿದು ಏನೋ ಹೇಳಾಕ ಹತ್ತಿದ್ಲು. ನಾ ಅಡ್ಡ ಬಾಯಿ ಹಾಕಿ ನನ್ನ ಗೋಪುರದ್ದ ಹೇಳಿದೆ." ಅಬೇದಾ ತೀರಿಕೊಂಡು ಎರಡು ರಂಜಾನ್ ಕಳೆದಿವೆ. ಹಲಗೆಯ ಮೇಲಿನ ನೀರು ಆರಿ, ಕೆಂಪು ಮತ್ತೆ ಬೂದಿ ಬಣ್ಣಕ್ಕೆ ತಿರುಗಿತು. ಸಾಬರು ಇನ್ನೊಮ್ಮೆ ನೀರು ಹಚ್ಚಲಿಲ್ಲ.