ಭೈರಮ್ಮ ಕಾಯಿಸಿದ ಎಣ್ಣೆ

ನೊಣವಿನಕೆರೆಯ ಭೈರಮ್ಮನಿಗೆ ಹೊಟ್ಟೆಕಿಚ್ಚು ಇತ್ತು ಅಂದರೆ ಸಾಲದು, ಅದರಲ್ಲೇ ಒಲೆ ಹಚ್ಚಬಹುದಿತ್ತು. ಕಿಚ್ಚೆಲ್ಲ ಒಬ್ಬಳ ಮೇಲೆಯೇ, ಪಕ್ಕದ ಮನೆಯ ವಾರಗಿತ್ತಿ ಚಿಕ್ಕಗೌರಮ್ಮನ ಮೇಲೆ. ಅಣ್ಣತಮ್ಮಂದಿರು ಪಾಲಾದಾಗ ತೆಂಗಿನ ತೋಟ ದೊಡ್ಡವನಿಗೆ, ಅಂದರೆ ಭೈರಮ್ಮನ ಗಂಡನಿಗೆ ಬಂತು, ಕಿಬ್ಬನಹಳ್ಳಿಯ ಅಂಗಡಿ ಚಿಕ್ಕವನಿಗೆ ಹೋಯಿತು. ಅಂದಿನಿಂದ ಭೈರಮ್ಮ ದಿನವಿಡೀ ಅಟ್ಟದ ಕಾಯಿ ಇಳಿಸಿ, ಚಿಪ್ಪು ಒಡೆದು, ಕೊಬ್ಬರಿ ಹೆರೆದಳು. ಚಿಕ್ಕಗೌರಮ್ಮ ಜಗಲಿಯ ಮೇಲೆ ಕೂತು ಹೂ ಕಟ್ಟಿದಳು. ಉರಿಯದೆ ಇನ್ನೇನಾದೀತು ಹೇಳಿ.

ತೊಂಬತ್ತೆಂಟರ ಚಳಿಗಾಲದಲ್ಲಿ ಮಗಳು ಮಧುಶ್ರೀ ಬಾಣಂತನಕ್ಕೆ ಬಂದಳು. ಹೆಣ್ಣು ಮಗು. ಚಳಿಗೆ ಅದರ ಮೈ ಒಡೆದು ಹೊಟ್ಟು ಏಳತೊಡಗಿತು. ಮೊಮ್ಮಗಳಿಗೆ ಎಣ್ಣೆನೀರು ಹಾಕುವುದು ಅಜ್ಜಿಯ ಹಕ್ಕು ತಾನೇ? ಭೈರಮ್ಮ ಬಚ್ಚಲಲ್ಲಿ ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಗಾಣದ ಕೊಬ್ಬರಿ ಎಣ್ಣೆ ಹಚ್ಚಿದಳು. ಮಗು ಕಿರುಚಿದ ಸದ್ದಿಗೆ ಬೀದಿಯೇ ಬಾಗಿಲಿಗೆ ಬಂತು. ದಿನವೂ ಇದೇ ಗೋಳು. ಒಂದು ದಿನ ಭೈರಮ್ಮನಿಗೆ ಜ್ವರ ಬಂದು, ಚಿಕ್ಕಗೌರಮ್ಮ ತನ್ನ ಮನೆಯ ಎಣ್ಣೆ ತಂದು ಹಚ್ಚಿ ಎರೆದಳು. ಮಗು ಮಿಸುಕಲಿಲ್ಲ, ಅವಳ ಕಾಲ ಮೇಲೇ ನಿದ್ದೆ ಹೋಯಿತು.

"ಅವ್ವ, ನಾಳೆಯಿಂದ ಚಿಕ್ಕವ್ವನೇ ಎರೀಲಿ ಬುಡು," ಅಂದಳು ಮಗಳು.

ಭೈರಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಅಂಗಡಿ ಹಾಳಾಗಿ ಹೋಗಲಿ, ನನ್ನ ಮಗಳ ಮಗುವೂ ಅವಳಿಗೇ ಬೇಕೇ? ಎಣ್ಣೆಯಲ್ಲಿ ಏನೋ ಇದೆ ಎಂಬ ಗುಮಾನಿ ಬಂದು ಹಿತ್ತಲ ಗೋಡೆಯಿಂದ ಇಣುಕಿದಳು. ಚಿಕ್ಕಗೌರಮ್ಮ ಹಸಿ ಕಾಯಿ ತುರಿದು, ಹಾಲು ಹಿಂಡಿ, ಸಣ್ಣ ಉರಿಯಲ್ಲಿ ಕಾಯಿಸಿ ಎಣ್ಣೆ ಬಿಡಿಸುತ್ತಿದ್ದಳು. ಓಹೋ, ಇಷ್ಟೇನಾ! ಭೈರಮ್ಮ ಅವಳಿಗಿಂತ ದುಪ್ಪಟ್ಟು ಕಾಯಿ ತುರಿದು ಕಾಯಿಸಿದಳು. ಘಮಘಮ ಎನ್ನುವ ಎಣ್ಣೆ ಬಂತು. ಹಚ್ಚಿದಳು. ಮಗು ಮೊದಲಿಗಿಂತ ಜೋರಾಗಿ ಅತ್ತಿತು.

ಅಳು ಕೇಳಿ ಓಡಿಬಂದ ಚಿಕ್ಕಗೌರಮ್ಮ ಮಗುವಿನ ಬೆನ್ನು ನೋಡಿದಳು. ಕೆಂಪು ಗೀರುಗಳು. ಭೈರಮ್ಮನ ಅಂಗೈ ಹಿಡಿದು ತಿರುಗಿಸಿದಳು. ನಾರು, ಚಿಪ್ಪು ತಿಕ್ಕಿ ತಿಕ್ಕಿ ಅದು ತುರಿಮಣೆಯಂತಾಗಿತ್ತು.

"ಎಣ್ಣೆ ಚೆನ್ನಾಗೈತೆ ಕಣಕ್ಕ. ಮೊದ್ಲು ನಿನ್ನ ಕೈಗೆ ಹಚ್ಕೊ."

"ನೀನೇನೇ ನಂಗೆ ಹೇಳಾದು?" ಎಂದು ಭೈರಮ್ಮ ಕೈ ಕಿತ್ತುಕೊಂಡಳು.

ಆದರೂ ಅಂದಿನಿಂದ ಕೊಬ್ಬರಿ ಮುಟ್ಟಲಿಲ್ಲ. ಗಂಡ ಕೆಂಚಯ್ಯ ಬೈದ, ಬೈಸಿಕೊಂಡಳು. ತೆಂಗಿನ ಸೀಮೆಯಲ್ಲೇ ಹುಟ್ಟಿ ಬೆಳೆದು ಒಂದು ತೊಟ್ಟು ಎಣ್ಣೆ ತನ್ನ ಕೈಗೆ ಸವರದವಳು ಈಗ ಮೂರು ಹೊತ್ತೂ ಸವರತೊಡಗಿದಳು. ಬಿರುಕುಗಳು ಮುಚ್ಚಿದವು, ಒರಟು ಇಳಿಯಿತು. ಅಲ್ಲಿಯವರೆಗೂ ಚಿಕ್ಕಗೌರಮ್ಮ ಎರೆಯುವಾಗ ಹಂಡೆಯಿಂದ ನೀರು ತೋಡಿಕೊಟ್ಟಳು, ಹಲ್ಲು ಕಚ್ಚಿಕೊಂಡು.

ಕಡೆಗೊಂದು ಬೆಳಿಗ್ಗೆ "ಇವತ್ತು ನಾನು" ಅಂತ ಕೂತಳು. ನೀರು ಕೊಡಲು ಚಿಕ್ಕಗೌರಮ್ಮ ಹಿಂದೆ ನಿಂತಳು. ಭೈರಮ್ಮ ಮಗುವಿನ ಎದೆ ಸವರಿದಳು, ಕಾಲು ನೀವಿದಳು. ಮಗು ಅಳಲಿಲ್ಲ. ಬೊಚ್ಚು ಬಾಯಿ ಅಗಲಿಸಿ ನಕ್ಕಿತು. ಭೈರಮ್ಮನ ಕಣ್ಣು ತುಂಬಿ ಬಂತು.

"ನೋಡ್ದೇನೇ, ನನ್ನ ನೋಡಿ ನಗ್ತೈತೆ!" ಅಂದಳು.

ಆಮೇಲೆ ಮಗುವಿನ ಕಣ್ಣು ನೋಡಿದಳು. ಅದು ಅಜ್ಜಿಯ ಹೆಗಲ ಮೇಲಿಂದ ಚಿಕ್ಕಗೌರಮ್ಮನನ್ನೇ ನೋಡುತ್ತಿತ್ತು.